ಎರಡು ಡಿಗ್ರಿ ಸೊಟ್ಟ

ವಿಮಾನ ನೆಟ್ಟಗೆ ಹಾರಬೇಕಾದರೆ ಎಂಜಿನ್ನನ್ನು ಸೊಟ್ಟಗೆ ಕೂರಿಸಬೇಕು. ಈ ಮಾತನ್ನು ಹೊಳಲ್ಕೆರೆಯ ಬಡಗಿಯೊಬ್ಬರಿಗೆ ಒಪ್ಪಿಸುವುದು ಸುಲಭವಲ್ಲ. ನನ್ನ ಭಾವಮೈದ ತನ್ನ ದೊಡ್ಡ ರಿಮೋಟ್ ವಿಮಾನದ ಮೂತಿಗೆಂದು ಪ್ಲೈವುಡ್ ಕೊಯ್ಯಿಸಲು ಹೋದಾಗ ಆಚಾರ್ರು ರಸಮಟ್ಟ ಇಟ್ಟು ನೋಡಿ, "ಇದು ಸರಿಯಾಗೇ ಐತಲ್ಲ ಸ್ವಾಮಿ, ಕೆಡಿಸಾಕೆ ನನ್ನನ್ನ್ಯಾಕೆ ಕರೀತೀರಿ?" ಎಂದರಂತೆ.

ತಪ್ಪು ಆಚಾರ್ರದ್ದಲ್ಲ, ಪ್ರೊಪೆಲ್ಲರ್‌ನದು. ಹಿಂದೆ ನಿಂತು ನೋಡಿದರೆ ಅದು ಪ್ರದಕ್ಷಿಣೆಯಾಗಿ ತಿರುಗುತ್ತದೆ. ಅದು ಬಲಕ್ಕೆ ತಿರುಗಿದಷ್ಟೂ ಮೈ ಎಡಕ್ಕೆ ಹೊರಳಲು ನೋಡುತ್ತದೆ. ಪ್ರೊಪೆಲ್ಲರ್ ತಳ್ಳಿದ ಗಾಳಿ ಸುರುಳಿ ಸುತ್ತುತ್ತಾ ಹಿಂದೆ ಹೋಗಿ ಬಾಲದ ನಿಲುರೆಕ್ಕೆಗೆ ಎಡಗಡೆಯಿಂದ ಬಡಿಯುತ್ತದೆ. ಬಾಲ ಬಲಕ್ಕೆ ಸರಿದು ಮೂತಿ ಎಡಕ್ಕೆ ಹೊರಳುತ್ತದೆ. ಮೂತಿಯೆತ್ತಿ ನಿಧಾನವಾಗಿ ಏರುವಾಗಲಂತೂ ಬಲಗಡೆ ಕೆಳಗಿಳಿಯುವ ಅಲಗು ಹೆಚ್ಚು ಗಾಳಿ ಕಚ್ಚಿ ಮತ್ತೂ ಎಡಕ್ಕೆ ಎಳೆಯುತ್ತದೆ. ಮೂರೂ ಸೇರಿ ಒಂದೇ ಪಕ್ಷಕ್ಕೆ ಮತ ಹಾಕಿದ ಮೇಲೆ ಬಲಗಡೆಗೂ ಒಬ್ಬ ಏಜೆಂಟ್ ಬೇಡವೇ? ಎಂಜಿನ್ನನ್ನು ಎರಡು-ಮೂರು ಡಿಗ್ರಿ ಬಲಕ್ಕೆ ತಿರುಗಿಸುವುದು ಅದಕ್ಕೆ. ಚಪ್ಪಟೆ ಹೊಟ್ಟೆಯ ರೆಕ್ಕೆ ಬೆನ್ನ ಮೇಲಿದ್ದರೆ ವೇಗ ಹೆಚ್ಚಿದಂತೆ ಮೂತಿ ಮೇಲೇಳುತ್ತದೆ. ಆಗ ಸ್ವಲ್ಪ ಕೆಳಕ್ಕೂ ಬಾಗಿಸಬೇಕು.

ಉಪಾಯ ಬಹಳ ಬಡತನದ್ದು: ಎಡಗಡೆಯ ಎರಡು ಬೋಲ್ಟುಗಳ ಹಿಂದೆ ವಾಷರ್. ಬೋಲ್ಟುಗಳ ನಡುವೆ 70 ಮಿಲಿಮೀಟರ್ ಇದ್ದರೆ ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಎರಡು ಡಿಗ್ರಿ ಸಿಕ್ಕಿತು. ಆದರೆ ಎಂಜಿನ್ ಓರೆಯಾದಾಗ ಪ್ರೊಪೆಲ್ಲರ್ ಕೂಡ ಪಕ್ಕಕ್ಕೆ ಸರಿಯುತ್ತದಲ್ಲ! ಮೂತಿಯ ಹಲಗೆಯಿಂದ ಅದು 150 ಮಿಲಿಮೀಟರ್ ಮುಂದಿದ್ದರೆ ಐದು ಮಿಲಿಮೀಟರ್ ಬಲಕ್ಕೆ. ಆದ್ದರಿಂದ ಎಂಜಿನ್ನಿನ ತೂತುಗಳನ್ನೆಲ್ಲ ಮೊದಲೇ ಅಷ್ಟು ಎಡಕ್ಕೆ ಕೊರೆಯಬೇಕು. ಆಚಾರ್ರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದದ್ದು ಈ ಹಂತದಲ್ಲಿ.

50 ಸಿಸಿಯ ಒಂಟಿ ಸಿಲಿಂಡರ್ ಪೆಟ್ರೋಲ್ ಎಂಜಿನ್ ಮೈಯೆಲ್ಲ ನಡುಗಿಸುತ್ತದೆ. ವಾಷರ್‌ಗಳ ಗುಡ್ಡೆಗಿಂತ ಓರೆಯಾಗಿ ಉಜ್ಜಿದ ಗಟ್ಟಿ ಪ್ಲೈವುಡ್ ಬೆಣೆಯೇ ವಾಸಿ ಎಂದು ನನ್ನ ಮತ. ಹಲಗೆಯ ಹಿಂದೆ ಹಲ್ಲು ಕಚ್ಚುವ ನಟ್ಟು, ಬೋಲ್ಟಿನ ತಿರುಪಿಗೆ ಅಂಟಿನ ಹನಿ. ಇಷ್ಟಿದ್ದೂ ಪ್ರತಿ ಹಾರಾಟದ ಮುಂಚೆ ಬೋಲ್ಟಿಗೆ ಕೈ ಹಾಕಿ ನೋಡದವನನ್ನು ನಾನು ನಂಬುವುದಿಲ್ಲ.

ಸೊಟ್ಟತನಕ್ಕೆ ನಮ್ಮ ಜಿಲ್ಲೆಯಲ್ಲಿ ಸಾಕ್ಷಿಗೇನು ಬರವಿಲ್ಲ. ಜೋಗಿಮಟ್ಟಿ ಗುಡ್ಡದ ಕಡೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿ. ಇಂಥ ಯಂತ್ರಗಳ ಅಚ್ಚು ಸುಮಾರು ಐದು ಡಿಗ್ರಿ ಮೇಲಕ್ಕೆ ಓರೆಯಾಗಿರುತ್ತದೆ. ಇಲ್ಲದಿದ್ದರೆ ಬಿರುಗಾಳಿಗೆ ಬಾಗಿದ ಅಲಗು ಕಂಬಕ್ಕೇ ಬಡಿದೀತು. ಆದರೆ ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ಬಯಲಿಗೆ 2023ರ ಏಪ್ರಿಲ್ 2ರಂದು ಇಸ್ರೊ ಇಳಿಸಿದ ರೆಕ್ಕೆಯ ವಾಹನಕ್ಕೆ ಈ ತಲೆನೋವೇ ಇರಲಿಲ್ಲ. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ಎಂಜಿನ್ ಇಲ್ಲದೆ ತಾನೇ ದಾರಿ ನೋಡಿಕೊಂಡು ರನ್‌ವೇಗೆ ಬಂದಿಳಿಯಿತು. ಮುಂದೆ ಅದಕ್ಕೆ ಪುಷ್ಪಕ್ ಎಂದು ಹೆಸರಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಡಿಆರ್‌ಡಿಒದ ಎಂಜಿನ್ ಇದ್ದ ತಪಸ್ ಡ್ರೋನ್ ಮಾತ್ರ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಬಿದ್ದಿತು. ದೊಡ್ಡವರ ವಿಷಯ, ನಮಗ್ಯಾಕೆ.

ನಮ್ಮದು 2021ರ ಡ್ರೋನ್ ನಿಯಮದ ಲೆಕ್ಕದಲ್ಲಿ ಮಾದರಿ ವಿಮಾನ: ತೂಕ 25 ಕಿಲೋ ಮೀರಬಾರದು, ಕಣ್ಣಳತೆ ದಾಟಬಾರದು. ಕೋನ ಸರಿಯೇ ಎಂದು ತಿಳಿಯಲು ಹೊಸದುರ್ಗದ ಕಡೆಯ ಬಯಲಿಗೆ ಒಯ್ಯುತ್ತೇವೆ. ಮೊದಲು ಎಂಜಿನ್ ತಗ್ಗಿಸಿ ತೇಲಿಸಿ ಟ್ರಿಮ್ ಸರಿಮಾಡಿಕೊಂಡು, ಆಮೇಲೆ ಥ್ರಾಟಲ್ ಪೂರ್ತಿ ಕೊಟ್ಟು ನೆಟ್ಟಗೆ ಮೇಲಕ್ಕೆ ಎಬ್ಬಿಸಬೇಕು. ಎಡಕ್ಕೆ ವಾಲಿದರೆ ಇನ್ನೊಂದು ವಾಷರ್, ಬಲಕ್ಕೆ ವಾಲಿದರೆ ಹಾಕಿದ್ದು ಅತಿಯಾಯಿತು. ಎಡಕ್ಕೆ ತೆಂಗಿನ ತೋಟವಿದೆ. ಕಾಯಿ ಕೀಳುವಾತ ಮರಕ್ಕೊಂದು ದರ, ವಿಮಾನಕ್ಕೊಂದು ದರ ಹೇಳಿಯಾಗಿದೆ.