ಕಪಾಟು ಯಾವ ಗೋಡೆಯಲ್ಲಿ?

(ಮಂಗಳೂರಿನ ಬೋಳಾರದ ಹೊಸ ಫ್ಲ್ಯಾಟು. ಬಿಳಿ ಗೋಡೆ, ಒಂದು ಸ್ಟೂಲು.)

ದೊಡ್ಡಮ್ಮ: ಸಾಮಾನು ಇನ್ನೂ ಬರಲಿಲ್ಲವಾ ಮಗ?

ಮಗ: ಬಂದಾಯ್ತು ದೊಡ್ಡಮ್ಮ. ಇಷ್ಟೇ. ಇದು ಮಿನಿಮಲಿಸ್ಟ್ ಮನೆ.

ದೊಡ್ಡಮ್ಮ: ಕೂತುಕೊಳ್ಳುವುದು ಎಲ್ಲಿ ಮಾರಾಯ?

ಮಗ: ಅದೇ ತಲೆಬಿಸಿ. ಬಂದವರು ಐದು ನಿಮಿಷದಲ್ಲಿ ಎದ್ದು ಹೋಗ್ತಾರೆ. ಮನೆಗೆ ಆತ್ಮೀಯತೆ ಬರಬೇಕಾದರೆ ಹಳದಿ ದೀಪ, ಸ್ವಲ್ಪ ಮರ, ಸ್ವಲ್ಪ ಮಣ್ಣು ಬೇಕಂತೆ. ಡಿಸೈನರ್ ಹೇಳಿದ್ದು. ಗೋಡೆಗೆಂದು ಇದನ್ನು ಆನ್‌ಲೈನಿನಲ್ಲಿ ತರಿಸಿದೆ.

ದೊಡ್ಡಮ್ಮ: ಇದು ಹಂಚಲ್ಲವಾ!

(ಹಂಚೇ. 1865ರಲ್ಲಿ ಬಾಸೆಲ್ ಮಿಷನ್ ಇದೇ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದು, ಆವೆಮಣ್ಣು ಸುಟ್ಟು, ಹಡಗು ಹತ್ತಿಸಿ ಪರದೇಶಕ್ಕೂ ಕಳಿಸಿತ್ತು. ಈಗ ಅದು ಕೊರಿಯರಿನಲ್ಲಿ ಬೋಳಾರಕ್ಕೇ ಬರುತ್ತದೆ.)

ದೊಡ್ಡಮ್ಮ: ಹಳೆ ಮನೆಯ ಮಾಡಿನಿಂದ ಲಾರಿಗಟ್ಟಲೆ ಇಳಿಸಿ ಮಾರಿದೆಯಲ್ಲ?

ಮಗ: ಅದು ಬರೀ ಹಂಚು. ಇದು ಟೆರಾಕೋಟಾ ಆಕ್ಸೆಂಟ್.

ದೊಡ್ಡಮ್ಮ: ಅಜ್ಜನ ಆರಾಮ ಕುರ್ಚಿ?

ಮಗ: ಗುಜರಿಯವನಿಗೆ ಕೊಟ್ಟೆ. ಈಗ ಅಂಥದ್ದೇ ಹುಡುಕ್ತಾ ಇದ್ದೇನೆ. ವಿಂಟೇಜ್ ಅಂತ ರೇಟು ಕೇಳಿದರೆ ನಿಂತೇ ಇರುವ ಅನ್ನಿಸ್ತದೆ.

ದೊಡ್ಡಮ್ಮ: ಹೋಗ್ಲಿ, ಚಾಪೆ ಹಾಸು. ಚಾ ನಾನು ಮಾಡ್ತೇನೆ. ಸಕ್ಕರೆ ಎಲ್ಲುಂಟು?

ಮಗ: ಕಪಾಟಿನಲ್ಲಿ.

ದೊಡ್ಡಮ್ಮ: ಕಪಾಟು?

ಮಗ: ಗೋಡೆಯ ಹಾಗೇ ಕಾಣ್ತದೆ, ಹಿಡಿಕೆ ಇಲ್ಲ. ತಟ್ಟುತ್ತಾ ಬನ್ನಿ ದೊಡ್ಡಮ್ಮ, ಎಲ್ಲೋ ಒಂದು ಕಡೆ ತೆರೀತದೆ.