ವಿಷಯ: ಕೆಮಿಸ್ಟ್ರಿ ಪೀರಿಯಡ್ಡಿನಲ್ಲಿ ಮಕ್ಕಳು ನಗುತ್ತಿರುವ ಕುರಿತು

ನಮ್ಮ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಿಗೆ, ತಲಕಾಡಿನ ಪೋಷಕನೊಬ್ಬನ ನಮಸ್ಕಾರಗಳು.

ಸ್ವಾಮಿ, ತಾವು ಬಂದ ಮೇಲೆ ಶಾಲೆಯ ಶಿಸ್ತು ಕೆಟ್ಟಿದೆ. ಮೊದಲೆಲ್ಲ ಕೆಮಿಸ್ಟ್ರಿ ಎಂದರೆ ಕಾಂಪೌಂಡಿನಾಚೆಗೂ ನಿಶ್ಶಬ್ದ. ಮಕ್ಕಳು ಅರೆನಿದ್ದೆಯಲ್ಲಿ ನೋಟ್ಸ್ ಬರೆದುಕೊಳ್ಳುತ್ತಿದ್ದವು. ಈಗ ನಗು ಕೇಳಿಸುತ್ತದೆ. ನಾವೇನು ಆಟಪಾಠದ ವಿರೋಧಿಗಳಲ್ಲ. 'ನಲಿ-ಕಲಿ' ಹುಟ್ಟಿದ್ದೇ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಸರ್ಕಾರ ಅದನ್ನು ಜಾಣತನದಿಂದ ಮೂರನೇ ತರಗತಿಗೇ ನಿಲ್ಲಿಸಿತು. ಹತ್ತನೇ ತರಗತಿಯವರು ನಗಬಹುದೆಂದು ಯಾವ ಸುತ್ತೋಲೆಯಲ್ಲಿದೆ?

ಮೊದಲ ದೂರು ಮರಳಿನದು. ಮೊನ್ನೆ ಹುಡುಗರ ಸೊಂಟಕ್ಕೆ ಎರಡೆರಡು ಟವೆಲ್ ಕಟ್ಟಿ, ಇವನು ಕಾರ್ಬನ್, ಇವನಿಗೆ ನಾಲ್ಕು ಕೈ ಎಂದಿರಂತೆ. ಆಕ್ಸಿಜನ್ನಿಗೆ ಎರಡೇ ಕೈ. ಒಬ್ಬ ಕಾರ್ಬನ್ ಇಬ್ಬರು ಆಕ್ಸಿಜನ್ನರನ್ನು ಎರಡೆರಡು ಕೈಯಲ್ಲಿ ಹಿಡಿದ. ಮೂವರೂ ಮೈದಾನವೆಲ್ಲ ಓಡಾಡಿದರು. ಅದು ಸೋಡಾ ಬಾಟ್ಲಿಯ ಗ್ಯಾಸಂತೆ. ಆಮೇಲೆ ಸಿಲಿಕಾನ್. ಅದಕ್ಕೂ ನಾಲ್ಕೇ ಕೈ, ಆದರೆ ಒಂದೊಂದು ಕೈಗೆ ಒಂದೊಂದು ಆಕ್ಸಿಜನ್. ಆ ಆಕ್ಸಿಜನ್ನಿನ ಇನ್ನೊಂದು ಕೈ ಪಕ್ಕದ ಸಿಲಿಕಾನಿಗೆ. ಹಿಡಿಯುತ್ತ ಹಿಡಿಯುತ್ತ ಇಡೀ ಕ್ಲಾಸು ಸಿಕ್ಕಿಹಾಕಿಕೊಂಡು ಒಬ್ಬನೂ ಮಿಸುಕಲಾರದೆ ನಿಂತಾಗ, "ಇದೇ ಕಣ್ರೋ ನಮ್ಮೂರ ಮರಳು" ಎಂದಿರಂತೆ. ಅಂಚಿನಲ್ಲಿದ್ದ ನನ್ನ ಮಗನ ಒಂದು ಕೈ ಖಾಲಿ ಉಳಿಯಿತೆಂದು ಅವನಿಗೆ ಈಗಲೂ ಬೇಜಾರು.

ಎರಡರ ಲೆಕ್ಕವೂ ಒಂದಕ್ಕೆ ಎರಡು ಆಕ್ಸಿಜನ್ನೇ. ಒಂದು ಗುಳ್ಳೆಯಾಗಿ ಹಾರಿಹೋಗುತ್ತದೆ, ಇನ್ನೊಂದು ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನೇ ಮುಚ್ಚುತ್ತದೆ. ಊರಿಗೆ ಮರಳು ಬಂದದ್ದು ಅಲಮೇಲಮ್ಮನ ಶಾಪದಿಂದ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸಿದ್ದ ವಿಷಯ ಇದು. ಹುಡುಗ ಊಟಕ್ಕೆ ಕೂತಾಗ ಕೇಳುತ್ತಾನೆ: "ಶಾಪದಿಂದಲೇ ಬಂತು ಅಂತ ಇಟ್ಕೋ ಅಪ್ಪ, ಇಷ್ಟು ವರ್ಷ ಕಾವೇರಿಲಿ ನೆಂದ್ರೂ ಯಾಕೆ ಕರಗಲಿಲ್ಲ?" ಇದಕ್ಕೆ ಎಷ್ಟು ಮಾರ್ಕ್ಸು ಎಂದೆ. ಗೊತ್ತಿಲ್ಲ ಎಂದ. ಮಾರ್ಕ್ಸು ಎಷ್ಟೆಂದು ಗೊತ್ತಿಲ್ಲದೆಯೇ ಕಲಿತಿದ್ದಾನೆ, ಸ್ವಾಮಿ!

ಎರಡನೇ ದೂರು ಅರಿಸಿನದು. ಅರಿಸಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು ಅವನ ಜೇಬಿನ ತುಂಬ. ಸುಣ್ಣ, ಸೋಪು ತಾಗಿದರೆ ಕೆಂಪು. ನಿಂಬೆಹುಳಿ ಬಿದ್ದರೆ ಮತ್ತೆ ಹಳದಿ. ನಮ್ಮ ತಾಯಿಯ ಸುಣ್ಣದ ಡಬ್ಬಿ ಬರಿದಾಗಿದೆ. ಮೇಲಾಗಿ ಅವರದೊಂದು ತಕರಾರು: ಆರತಿ ತಟ್ಟೆಗೆ ಅರಿಸಿನ, ಸುಣ್ಣ ಕದಡಿ ಕೆಂಪು ನೀರು ಮಾಡುವುದನ್ನು ಮದುವೆಯಾದಾಗಿಂದ ಮಾಡಿದ್ದೇನೆ, ನನಗ್ಯಾರೂ ಲ್ಯಾಬ್ ಮಾರ್ಕ್ಸು ಕೊಡಲಿಲ್ಲ. ಅರಿಸಿನದ ಕಲೆಯ ಮಾತು ಪಠ್ಯಪುಸ್ತಕದಲ್ಲೇ ಇದೆ ಎನ್ನುತ್ತೀರಿ. ಇರಬಹುದು. ಪುಸ್ತಕದ ಚಟುವಟಿಕೆಗಳು ಇರುವುದೇ ಹಾರಿಸಿ ಓದುವುದಕ್ಕೆ.

ಇಷ್ಟಾದರೂ ಸಹಿಸಬಹುದಿತ್ತು. ನನ್ನ ಭಾವಮೈದುನನಿಗೆ ನರಸೀಪುರದಲ್ಲಿ ಬಾಳೆಹಣ್ಣಿನ ಮಂಡಿ. ಹುಡುಗ ಅಲ್ಲಿಗೆ ಹೋಗಿ, ಗಿರಾಕಿಗಳ ಎದುರಿಗೇ ಮೂಗರಳಿಸಿ, "ಮಾವ, ಬೆಳ್ಳುಳ್ಳಿ ವಾಸ್ನೆ ಬರ್ತಿದೆ, ಗೊನೆ ಕೆಳಗೆ ಕಾರ್ಬೈಡ್ ಇಟ್ಟಿದ್ಯಾ? ತೇವ ತಾಗಿದ್ರೆ ಅಸಿಟಿಲೀನ್ ಬಿಡುತ್ತೆ, ಅದನ್ನ ಹಣ್ಣು ಮಾಡೋಕೆ ಬಳಸೋದು ನಿಷೇಧ" ಎಂದು ಪಾಠ ಒಪ್ಪಿಸಿದ್ದಾನೆ. ರಸಬಾಳೆ ಕೊಳ್ಳಲು ಬಂದವರು ಬರಿಗೈಲಿ ಹೋದರು. ಕೆಮಿಸ್ಟ್ರಿ ಪರೀಕ್ಷೆ ಹಾಲಿನ ಬಾಗಿಲು ದಾಟಿ ಮಂಡಿಗೆ ಬರುವುದಾದರೆ ಮರ್ಯಾದಸ್ಥರು ಬದುಕುವುದು ಹೇಗೆ?

ಚಟುವಟಿಕೆ ಬೇಡವೇ ಬೇಡ ಎನ್ನುತ್ತಿಲ್ಲ. ಸಾಹೇಬರು ತಪಾಸಣೆಗೆ ಬಂದಾಗ ಒಂದು ಮಾಡಿಸಿ, ಫೋಟೊ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕಿ. ಆಂತರಿಕ 20 ಅಂಕಕ್ಕೆ ಅಷ್ಟು ಧಾರಾಳ. ಮಿಕ್ಕ 80ಕ್ಕೆ ಪಾಸಿಂಗ್ ಪ್ಯಾಕೇಜು, ಹಳೇ ಪ್ರಶ್ನೆಪತ್ರಿಕೆ. ದಯವಿಟ್ಟು ಲ್ಯಾಬಿನ ಬೀರುವಿಗೆ ಮತ್ತೆ ಬೀಗ ಹಾಕಿ, ನಮ್ಮ ಮಕ್ಕಳಿಗೆ ಉತ್ತರ ಮಾತ್ರ ಕಲಿಸಿ. ಪ್ರಶ್ನೆ ಕೇಳುವ ಕೆಲಸವನ್ನು ಪರೀಕ್ಷಾ ಮಂಡಳಿ ನೋಡಿಕೊಳ್ಳುತ್ತದೆ.

ಇತಿ,
ಎಸ್ಸೆಸ್ಸೆಲ್ಸಿ ಹುಡುಗನ ತಂದೆ