ಟೊಮ್ಯಾಟೊ ಮೊಮ್ಮಕ್ಕಳು

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಕಾಂಪೌಂಡ್ ಗೋಡೆ ಕಟ್ಟಿಸುವುದು ಕಳ್ಳರ ಭಯಕ್ಕೆ ಎನ್ನುತ್ತಾರೆ. ಕಳ್ಳ ಬಂದದ್ದನ್ನು ನಾನಂತೂ ಕಂಡಿಲ್ಲ. ಮೊಳಕೈ ಊರಿ ನಿಂತು ಮಾತಾಡಲು ಮಾತ್ರ ಎದೆಮಟ್ಟದ ಆ ಗೋಡೆ ಹೇಳಿ ಮಾಡಿಸಿದಂತಿದೆ. ಆಚೆ ಗಿರಿಜಕ್ಕ, ಈಚೆ ನಾನು. ಎದುರುಮನೆಯ ರಾಯರು ವಾಕಿಂಗ್ ಮುಗಿಸಿ ಬಂದವರು ನಡುವೆ ಸೇರಿಕೊಳ್ಳುತ್ತಾರೆ.

“ಏನ್ ಮೇಷ್ಟ್ರೇ, ಮನೆ ಹಿತ್ತಲಲ್ಲೂ ಹೈಬ್ರಿಡ್ ಟೊಮ್ಯಾಟೊ ಹಾಕಿದ್ದೀರಂತೆ? ಅದು ಲ್ಯಾಬಲ್ಲಿ ಇಂಜೆಕ್ಷನ್ ಕೊಟ್ಟು ಮಾಡಿದ ಬೀಜ. ನಾವೇನಿದ್ದರೂ ನಾಟಿ.”

ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕನಿಗೆ ರೇಗಿತು. ಅವರ ತವರು ರಾಣೆಬೆನ್ನೂರಿನ ಮಗ್ಗುಲಿನ ಹಳ್ಳಿ. ಹೈಬ್ರಿಡ್ ತರಕಾರಿ ಬೀಜ ತಯಾರಾಗುವುದರಲ್ಲಿ ಆ ಸೀಮೆಗೆ ದೊಡ್ಡ ಹೆಸರು.

“ಯಾವ ಲ್ಯಾಬ್‌ರೀ ರಾಯರ? ಮದುವಿ ಆಗೋ ತನಕ ಇದೇ ಕೈಲೆ ಕ್ರಾಸಿಂಗ್ ಮಾಡೀನಿ ನಾನು. ಇಂಜೆಕ್ಷನ್ನೂ ಇಲ್ಲ, ಗಿಂಜೆಕ್ಷನ್ನೂ ಇಲ್ಲ. ಒಂದು ಚಿಮಟ ಇತ್ತು, ಅಷ್ಟ.”

ಎಂದವರೇ ಒಂದು ಮೊಗ್ಗು ಕಿತ್ತು ಗೋಡೆಯ ಮೇಲಿಟ್ಟು ಬಿಡಿಸಿದರು. ಟೊಮ್ಯಾಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಹಳದಿ ಕೇಸರಗಳು ಕೊಳವೆಯಂತೆ ಕೂಡಿಕೊಂಡು ನಡುವಿನ ಶಲಾಕೆಯನ್ನು ಮುಚ್ಚಿರುತ್ತವೆ. ಹಾಗಾಗಿ ಹೂವು ಹೊರಗಿನವರ ಹಂಗಿಲ್ಲದೆ ತನ್ನಷ್ಟಕ್ಕೇ ಕಾಯಿ ಕಚ್ಚುತ್ತದೆ. ಎರಡು ತಳಿ ಕೂಡಿಸಬೇಕಾದರೆ ಈ ಸ್ವಾವಲಂಬನೆಯನ್ನೇ ಮುರಿಯಬೇಕು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಬಿಡಿಸಿ, ಕೇಸರವನ್ನು ಚಿಮಟದಲ್ಲಿ ಕಿತ್ತುಹಾಕಬೇಕು. ಒಳಗಿನ ಶಲಾಕೆಗೆ ಗೀರೂ ತಾಗಬಾರದು. ಮಾರನೇ ದಿನ ಬೆಳಗ್ಗೆ ಇನ್ನೊಂದು ತಳಿಯ ಪರಾಗದ ಪುಡಿ ತಂದು ಅದರ ತುದಿಗೆ ಮುಟ್ಟಿಸಬೇಕು. ಇದು ಕ್ರಾಸ್ ಆದ ಕಾಯಿ ಎಂದು ಗುರುತು ಸಿಗಲು ಹೂವಿನ ಬುಡದ ಹಸಿರು ಎಸಳನ್ನು ಕತ್ತರಿಸಿ ಬಿಡುತ್ತಾರೆ. ಒಂದೊಂದು ಹೂವಿಗೂ ಇಷ್ಟೂ ಆಗಬೇಕು. ಈ ಕೆಲಸ ಬಹುಪಾಲು ಹೆಂಗಸರದು.

“ಬಗ್ಗಿ ಬಗ್ಗಿ ನಡ ಹೋಗ್ತಿತ್ರೀ. ಕೈ ತುಸು ಭಾರ ಬಿತ್ತೋ, ಹೂವು ಉದುರಿತು ಅಂತನ ತಿಳ್ಕೋರಿ” ಅಂದರು ಗಿರಿಜಕ್ಕ. ಹೈಬ್ರಿಡ್ ಬೀಜ ದುಬಾರಿ ಎಂದು ಗೊಣಗುವವರು ಆ ಚಿಮಟ ಹಿಡಿದು ಒಂದು ಸಂಜೆ ಕೂತು ನೋಡಬೇಕು. ಪೊಟ್ಟಣದ ಬೆಲೆಯಲ್ಲಿ ಆ ಕೈಗಳಿಗೆ ಎಷ್ಟು ಸಲ್ಲುತ್ತದೆ ಎನ್ನುವುದು ಬೇರೆಯೇ ಜಗಳ, ಅದನ್ನು ಇನ್ನೊಂದು ದಿನ ಗೋಡೆಗೆ ಬನ್ನಿ, ಆಡೋಣ.

ಹೈಬ್ರಿಡ್ ಹೊಸ ಕಾಲದ ಮೋಸವೂ ಅಲ್ಲ. ಮನಮೋಹನ ಅತ್ತಾವರರು ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮ್ಯಾಟೊ ಬಿಡುಗಡೆ ಮಾಡಿದ್ದು 1973ರಲ್ಲಿ. ರಾಯರ ಮನಸ್ಸಿನಲ್ಲಿರುವುದು ಕುಲಾಂತರಿ. ಅದೇ ಬೇರೆ, ಇದೇ ಬೇರೆ. ನಮ್ಮ ದೇಶದಲ್ಲಿ ಕುಲಾಂತರಿ ಟೊಮ್ಯಾಟೊ ಬೆಳೆಯಲು ಅನುಮತಿಯೇ ಇಲ್ಲ.

ರಾಯರು ಸೋಲುವವರಲ್ಲ. “ಆಯ್ತಪ್ಪ, ಬೀಜ ಎತ್ತಿಟ್ಟುಕೊಳ್ಳೋಕಾಗುತ್ತಾ? ಹೈಬ್ರಿಡ್ ಬೀಜ ಬಂಜೆ, ಹುಟ್ಟೋದೇ ಇಲ್ಲ.”

ಚೆನ್ನಾಗಿಯೇ ಹುಟ್ಟುತ್ತದೆ. ಆದರೆ ಹುಟ್ಟಿದ್ದು ತಾಯಿಯಂತಿರುವುದಿಲ್ಲ. ಅಜ್ಜನ ಮೂಗು ಒಬ್ಬನಿಗೆ, ಅಜ್ಜಿಯ ಮುಂಗೋಪ ಇನ್ನೊಬ್ಬಳಿಗೆ ಬರುವಂತೆ ಒಂದು ಗಿಡದಲ್ಲಿ ದುಂಡನೆಯ ಕಾಯಿ, ಪಕ್ಕದ್ದರಲ್ಲಿ ಉದ್ದನೆಯದು, ಇನ್ನೊಂದಕ್ಕೆ ರೋಗ. ಎಕರೆಗಟ್ಟಲೆ ಬೆಳೆದು ಮಂಡಿಗೆ ಒಯ್ಯುವ ರೈತನಿಗೆ ಈ ಅಂದಾದುಂದಿ ಆಗಿಬರುವುದಿಲ್ಲ. ಅವನಿಗೆ ಎಲ್ಲ ಕಾಯಿಯೂ ಒಂದೇ ಅಳತೆಯಲ್ಲಿ, ಒಟ್ಟಿಗೆ, ಗಟ್ಟಿಯಾಗಿ ಬರಬೇಕು. ನಮ್ಮ ಹಿತ್ತಲಿಗೇನು ಕಷ್ಟ? ಸಾರಿನ ಪಾತ್ರೆ ಆಕಾರ ಕೇಳುವುದಿಲ್ಲ. ನಾನಂತೂ ಆ ಮೊಮ್ಮಕ್ಕಳಲ್ಲಿ ಯಾವುದು ಹೇಗಾಗುತ್ತದೆ ನೋಡೋಣವೆಂದೇ ಒಂದೆರಡನ್ನು ಪ್ರತಿವರ್ಷ ಬಿಟ್ಟುಕೊಳ್ಳುತ್ತೇನೆ.

“ನಿಮ್ಮ ಹೈಬ್ರಿಡ್ ಗಾಳಿ ತಾಗಿ ನನ್ನ ನಾಟಿ ಜಾತಿ ಕೆಟ್ಟರೆ?”

“ನಿಮ್ಮ ನಾಟಿ ಹೂವು ಬಾಗಿಲು ಹಾಕ್ಕೊಂಡ ಸಂಸಾರ ಮಾಡ್ತೈತಿ, ಚಿಂತಿ ಬಿಡ್ರಿ” ಎಂದು ಗಿರಿಜಕ್ಕ ನಕ್ಕರು. ರಾಯರ ನಾಟಿ ವರ್ಷ ವರ್ಷವೂ ಹಾಗೇ ಉಳಿದಿರುವುದಕ್ಕೆ ಇದೇ ಕಾರಣ. ಬೀಜ ಎತ್ತಿಡಲು ಪೂರ್ತಿ ಹಣ್ಣಾದದ್ದರ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿದರೆ ಆಯಿತು.

ಹಾಗಾದರೆ ಹೈಬ್ರಿಡ್ ಯಾಕೆ ಬೇಕು? ನನ್ನ ಉತ್ತರ ಒಂದೇ: ಎಲೆ ಮುದುರು. ಬೇಸಿಗೆ ಬಂತೆಂದರೆ ಬಿಳಿ ನೊಣ ಬಂತು, ಅದರ ಜೊತೆ ನಂಜು ಬಂತು. ಗಿಡ ಎಲೆ ಮುರುಟಿಕೊಂಡು ಕುಳ್ಳಗೆ ಕೂತುಬಿಡುತ್ತದೆ, ಆಮೇಲೆ ಯಾವ ಕಷಾಯ ಹೊಡೆದರೂ ಏಳುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹೈಬ್ರಿಡ್‌ಗೆ ಎಲೆ ಮುದುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಗುಣವಿದೆ. ಔಷಧಿ ಡಬ್ಬಿ ಹಿಡಿಯಲು ಇಷ್ಟವಿಲ್ಲದ ಮನೆಯವರಿಗೆ ಇದಕ್ಕಿಂತ ಇನ್ನೇನು ಬೇಕು? ರುಚಿಯಲ್ಲಿ ಮಾತ್ರ ರಾಯರು ಗೆದ್ದರು. ತಿಳಿಸಾರಿಗೆ ನಾಟಿಯ ಹುಳಿಯೇ ಹುಳಿ. ಹೈಬ್ರಿಡ್ಡಿನ ದಪ್ಪ ಸಿಪ್ಪೆ ಲಾರಿ ಪ್ರಯಾಣಕ್ಕೆಂದು ಹುಟ್ಟಿದ್ದು.

ಸಸಿ ಮಾಡುವುದು ದೊಡ್ಡ ವಿದ್ಯೆಯಲ್ಲ. ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ ಬೆರೆಸಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಊರಿದರೆ ವಾರದೊಳಗೆ ಮೊಳಕೆ. ನೀರು ಹೆಚ್ಚಾದರೆ ಬುಡ ಕೊಳೆತು ಸಾಲು ಸಾಲಾಗಿ ಮಲಗುತ್ತವೆ. ಮೇಲೊಂದು ಸೊಳ್ಳೆಪರದೆಯ ತುಂಡು ಹೊದಿಸಿದರೆ ಬಿಳಿ ನೊಣ ದೂರ. 25 ದಿನದ ಸಸಿಯನ್ನು ಕಾಂಡ ಸ್ವಲ್ಪ ಹೂತುಹೋಗುವಂತೆ ನೆಡಿ. ಹೂತ ಕಾಂಡವೂ ಬೇರು ಬಿಡುತ್ತದೆ. ಹೂ ಬಿಟ್ಟಾಗ ಬೆಳಗಿನ ಹೊತ್ತು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಪರಾಗ ಉದುರಿ ಕಾಯಿ ಚೆನ್ನಾಗಿ ಕಚ್ಚುತ್ತದೆ. ಕಾಯಿಯ ತಳ ಕಪ್ಪಾದರೆ ಹುಳ ಎಂದು ಗಾಬರಿ ಬೀಳಬೇಡಿ. ಒಂದು ದಿನ ಬಕೆಟ್ ನೀರು, ನಾಲ್ಕು ದಿನ ಉಪವಾಸ ಮಾಡಿಸಿದಾಗ ಕಾಯಿಗೆ ಸುಣ್ಣದ ಅಂಶ ತಲುಪದೆ ಹಾಗಾಗುತ್ತದೆ.

2023ರ ಜುಲೈನಲ್ಲಿ ಕೆ.ಜಿ.ಗೆ ನೂರು ದಾಟಿದಾಗ ನಮ್ಮ ಬೀದಿಯಲ್ಲಿ ಎಲ್ಲರೂ ಕುಂಡ ಕೊಂಡರು. ಅವು ಕಾಯಿ ಬಿಡುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ದುಡ್ಡು ಉಳಿಸಲು ಟೊಮ್ಯಾಟೊ ಬೆಳೆಯುತ್ತೇನೆ ಎನ್ನುವವರನ್ನು ಆಮೇಲಿಂದ ನಾನು ನಂಬುವುದಿಲ್ಲ.

ಇನ್ನು ಅಂಗಡಿಯ ಮಾತು. ರೈತರ 10 ಗ್ರಾಂ ಪೊಟ್ಟಣದಲ್ಲಿ ಸುಮಾರು 3000 ಬೀಜ ಇರುತ್ತವೆ, ಅಷ್ಟನ್ನು ಹಿತ್ತಲಲ್ಲಿ ಯಾರೂ ಹಾಕಲಾರರು. ಪೊಟ್ಟಣದ ಮೇಲಿನ ತಾರೀಕು ನೋಡಿ ತನ್ನಿ, ಬೀದಿಯವರೆಲ್ಲ ಹಂಚಿಕೊಳ್ಳಿ. ಮಿಕ್ಕದ್ದನ್ನು ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ಇನ್ನೂ ಮೂರು ವರ್ಷ ಹುಟ್ಟುತ್ತದೆ.